ಕಾಗಿಣಾ ಕೊರೆದ ದಂಡೆ

ಆ ವರ್ಷ ಬೇಸಿಗೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಅದೇ ವರ್ಷ ಮಳೆಗಾಲದ ಕೊನೆಗೆ ಕಾಗಿಣಾ ಹೊಳೆ ಉಕ್ಕಿ, ಚಿತ್ತಾಪುರದಿಂದ ಕಾಳಗಿ ಕಡೆಗೆ ಹೋಗುವ ಹೆದ್ದಾರಿಯನ್ನು ಸೇತುವೆಯ ಮಗ್ಗುಲಲ್ಲೇ ಕಿತ್ತುಕೊಂಡು ಹೋಯಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಆ ರಸ್ತೆಯ ದುರಸ್ತಿ ನನ್ನ ಪಾಲಿಗೆ ಬಂದಿತ್ತು. ಅದನ್ನು ಮಾಡುವಾಗ ನಾನು ಹೇಗಿದ್ದೆ ಎಂಬುದನ್ನು ಹೇಳದೆ ಕೆಲಸದ ಕಥೆ ಹೇಳಲು ನನಗೆ ಬರುವುದಿಲ್ಲ.

ನಾನು ರಸ್ತೆ ಇಲಾಖೆಯಲ್ಲಿ ಇಂಜಿನಿಯರ್. ಮನೆ ಶಹಾಬಾದದಲ್ಲಿ, ಕಚೇರಿ ಚಿತ್ತಾಪುರದಲ್ಲಿ. ಯಜಮಾನರು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ವಾರಕ್ಕೆ ಎರಡು ಸಲ ಕಲಬುರಗಿಗೆ ಡಯಾಲಿಸಿಸ್‌ಗೆ ಹೋಗುವುದೇ ಅವರ ಕೆಲಸವಾಯಿತು. ರಜೆ ಸಿಕ್ಕಾಗ ನಾನು ಜೊತೆಗೆ ಹೋಗುತ್ತಿದ್ದೆ, ಸಿಗದಿದ್ದಾಗ ಅತ್ತೆ. ನಮಗೆ ಮಕ್ಕಳಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಕುರ್ಚಿಯಲ್ಲಿ ಕೂತರು. ಅತ್ತೆ ಚಹಾ ತಂದಾಗ ಅವರಿರಲಿಲ್ಲ. ಅದು ಆಸ್ಪತ್ರೆಗೆ ಹೋಗುವ ದಿನವೂ ಆಗಿರಲಿಲ್ಲ.

ಅತ್ತೆ ಅತ್ತರು. ಓಣಿಯ ಹೆಂಗಸರೆಲ್ಲ ಅತ್ತರು. ನಾನು ಬಂದವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ, ಮಣ್ಣು ಕೊಟ್ಟು ಬಂದವರಿಗೆ ಬಿಸಿನೀರು ಕಾಯಿಸಿದೆ. ಯಾರೋ ನನ್ನನ್ನು ತಬ್ಬಿಕೊಂಡು, "ಅತ್ತ ಬಿಡವ್ವಾ, ಹಗುರಾಗ್ತದ" ಎಂದರು. ನಾನು ಹೂಂ ಎಂದೆ. ಅಳು ಬರಲಿಲ್ಲ. ಆಮೇಲೆ ಕೆಲಸಕ್ಕೆ ಹೋದೆ. ಬಸ್ಸು, ಕಚೇರಿ, ಬಸ್ಸು, ಮನೆ. ಅತ್ತೆ ರೊಟ್ಟಿ ಬಡಿದರೆ ತಿನ್ನುತ್ತಿದ್ದೆ. ಬಡಿಯದಿದ್ದರೆ ಹಸಿವಾಗಿದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಹೊಳೆ ಬಂತು.

ನೀರು ಇಳಿದ ಮರುದಿನ ನಾವು ಜೀಪಿನಲ್ಲಿ ಹೋಗಿ ನೋಡಿದೆವು. ಸೇತುವೆ ನಿಂತಿತ್ತು. ಕಾಳಗಿ ಕಡೆಯಲ್ಲಿ ಸೇತುವೆಯನ್ನೂ ಆಚೆ ದಂಡೆಯ ಊರನ್ನೂ ಕೂಡಿಸುತ್ತಿದ್ದ ಎತ್ತರದ ಮಣ್ಣಿನ ಏರಿ ಇರಲಿಲ್ಲ. ಅಲ್ಲೊಂದು ದೊಡ್ಡ ಬಾಯಿ ಬಿದ್ದಿತ್ತು. ಡಾಂಬರಿನ ಪದರ ಎರಡೂ ತುದಿಯಲ್ಲಿ ಆಧಾರವಿಲ್ಲದೆ ಚಾಚಿಕೊಂಡಿತ್ತು. ಆಚೆ ತುದಿಯಲ್ಲಿ ನೀರು ಕತ್ತರಿಸಿದ ಕರಿಮಣ್ಣಿನ ನೆಟ್ಟಗಿನ ಗೋಡೆ. ಆ ಗೋಡೆ ಹೊಳೆ ಹರಿಯುವ ದಿಕ್ಕಿಗೆ ತಿರುಗಿ, ಹೊಲಗಳ ದಂಡೆಗುಂಟ ದೂರದವರೆಗೆ ಹೋಗಿತ್ತು. ಜೊತೆಗಿದ್ದವರು ಅಯ್ಯಯ್ಯೋ ಎನ್ನುತ್ತ ಫೋಟೋ ತೆಗೆದರು. ನಾನು ಟೇಪು ಹಿಡಿದು ಅಳತೆಗೆ ಇಳಿದೆ. ಎಷ್ಟು ಉದ್ದ ಹೋಗಿದೆ, ಎಷ್ಟು ಆಳ ಹೋಗಿದೆ. ಹೋದದ್ದನ್ನು ಅಳೆಯುವುದು ನನಗೆ ಆಗ ಸುಲಭವಾಗಿತ್ತು.

ಗುತ್ತಿಗೆದಾರನ ಪರವಾಗಿ ಕೆಲಸ ನೋಡಿಕೊಳ್ಳಲು ಬಂದವನು ಸೇಡಂ ಕಡೆಯ ಮನುಷ್ಯ. ಚುರುಕು. ನಡುನಡುವೆ ಮಾತು ತೆಲುಗಿಗೆ ವಾಲುತ್ತಿತ್ತು. ಸೇತುವೆಯ ಮೇಲೆ ನಿಂತು ಕೆಳಗೆ ಕೈಮಾಡಿ ಹೇಳಿದ.

"ಮೇಡಮ್ಮೋರ, ದೂರ ಯಾಕ ಹೋಗ್ಬೇಕ್ರಿ? ಗರಸು ಇಲ್ಲೇ ಹೊಳ್ಯಾಗ ಅದ, ಕಲ್ಲು ಇಲ್ಲೇ ಅದ. ಎರಡು ಮಷಿನ್ ಇಳಿಸ್ತೀನಿ. ಈ ಒಡೆದ ಡಾಂಬರೆಲ್ಲ ಆ ಮಡುವಿನ್ಯಾಗ ನೂಕಿಬಿಡ್ತೀನಿ. ದೀಪಾವಳಿ ಒಳಗ ಬಸ್ ಓಡ್ತದ."

ಸೇತುವೆಯ ಕೆಳಗೆ ಹೊಳೆ ಒಂದು ಕಡೆ ಆಳವಾಗಿ ನಿಂತು ಮಡುವಾಗಿತ್ತು. ಬೇಸಿಗೆಯಲ್ಲಿ ಕಾಗಿಣಾ ಅಲ್ಲಲ್ಲಿ ಬತ್ತಿದರೂ ಆ ಮಡುವಿನಲ್ಲಿ ನೀರು ಉಳಿಯುತ್ತದೆ. ಮೀನು, ಆಮೆ ಎಲ್ಲ ಅಲ್ಲಿಗೇ ಬಂದು ಸೇರುತ್ತವೆ. ಅವನು ಮಾತಾಡುತ್ತಿದ್ದಾಗಲೂ ಒಂದು ಆಮೆ ಬಂಡೆಯ ಮೇಲೆ ಕತ್ತು ಚಾಚಿ ಬಿಸಿಲು ಕಾಯಿಸುತ್ತಿತ್ತು.

"ಹೊಳೆಯಿಂದ ಒಂದು ಬುಟ್ಟಿ ಗರಸೂ ತೆಗೆಯೋದು ಬ್ಯಾಡ," ಎಂದೆ. "ತಳ ತೋಡಿದ್ರ ಸೇತುವೆ ಕಂಬದ ಬುಡ ಸಡಿಲಾಗ್ತದ. ಮಡುವಿಗೂ ಏನೂ ನೂಕೋದು ಬ್ಯಾಡ. ಶಹಾಬಾದದಾಗ ನೆಲಕ್ಕ ಹಾಸೋ ಪರಸಿ ಕಲ್ಲಿನ ಗಣಿ ಮುಂದ ಚೂರುಗಲ್ಲು ಗುಡ್ಡ ಬಿದ್ದದ. ಅದನ್ನ ತರಸ್ರಿ."

ಅವನು ನನ್ನ ಮುಖ ನೋಡಿದ. ಜಗಳಕ್ಕೆ ಸಿದ್ಧನಾಗಿದ್ದ. ನನ್ನ ದನಿಯಲ್ಲಿ ಜಗಳ ಇರಲಿಲ್ಲ. ಏರಿದ ದನಿಗೆ ಎದುರು ಮಾತಾಡಬಹುದು, ಗೋಡೆಯ ಗಡಿಯಾರದಂತೆ ಮಾತಾಡುವವರ ಜೊತೆ ಏನು ಮಾಡುವುದು? "ಆಯ್ತ್ರಿ" ಎಂದು ಬೀಡಿ ಹಚ್ಚಿದ.

ಕೆಲಸದ ರೀತಿ ಹೀಗೆಂದು ಗೊತ್ತುಮಾಡಿದೆವು. ದಪ್ಪ ತಂತಿಯ ಬಲೆಯಲ್ಲಿ ಪೆಟ್ಟಿಗೆ ಹೆಣೆದು, ಅದರೊಳಗೆ ಕಲ್ಲು ಜೋಡಿಸಿ, ಒಂದರ ಮೇಲೊಂದು ಮೆಟ್ಟಿಲಿನಂತೆ ಕೂರಿಸಿ ಏರಿಯ ಬದಿ ಕಟ್ಟುವುದು. ನಡುವೆ ಮಣ್ಣು ತುಂಬಿ ತುಳಿಸುವುದು. ಶಹಾಬಾದದ ಕಲ್ಲು ಚಪ್ಪಟೆ, ಪೆಟ್ಟಿಗೆಯಲ್ಲಿ ರೊಟ್ಟಿ ಜೋಡಿಸಿದ ಹಾಗೆ ಕೂರುತ್ತದೆ. ಲಾರಿಗಳು ನಮ್ಮ ಮನೆಯ ಹತ್ತಿರದ ರಸ್ತೆಯಿಂದಲೇ ಕಲ್ಲು ಹೇರಿಕೊಂಡು ಬರತೊಡಗಿದವು.

ಆಗ ಚಿಂಚೋಳಿಯಿಂದ ಅರಣ್ಯ ಇಲಾಖೆಯ ಒಬ್ಬಳು ಹುಡುಗಿ ಬಂದಳು. ಹುಡುಗಿ ಎಂದರೆ ಅಧಿಕಾರಿಯೇ, ನನಗಿಂತ ಬಹಳ ಚಿಕ್ಕವಳು. ನೆರೆಯಲ್ಲಿ ಮೊಸಳೆ ತೇಲಿಬಂದಿದೆ ಎಂದು ಊರವರು ಹೇಳಿದ್ದರಂತೆ, ಅದನ್ನು ಹುಡುಕಲು ಬಂದಿದ್ದಳು. ಮೊಸಳೆ ಸಿಗಲಿಲ್ಲ. ಹೊಳೆದಂಡೆಯಲ್ಲಿ ನಡೆದು ಬಂದವಳು ನೆಟ್ಟಗೆ ನನ್ನ ಹತ್ತಿರ ಬಂದು, "ಅಕ್ಕಾ, ಒಂದು ತೋರಸ್ತೀನಿ ಬರ್ರಿ" ಎಂದಳು.

ಕರಿಮಣ್ಣಿನ ಗೋಡೆಯ ಹತ್ತಿರ ಕರೆದೊಯ್ದಳು. ಹೊಳೆಯ ಕೆಳದಿಕ್ಕಿನ ಅರ್ಧದಲ್ಲಿ, ಮೇಲಿನ ಅಂಚಿನ ಸ್ವಲ್ಪ ಕೆಳಗೆ, ಗೋಡೆಯ ತುಂಬ ತೂತುಗಳಿದ್ದವು. ಅವನ್ನು ನಾನೂ ನೋಡಿದ್ದೆ, ಬೇರು ಕಿತ್ತುಬಂದ ಗುರುತು ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಮಣ್ಣಿನ ಬಣ್ಣದ ಪುಟ್ಟ ಹಕ್ಕಿಗಳು ನೀರಿನ ಮೇಲಿಂದ ಬಾಣದಂತೆ ಬಂದು, ತೂತಿನ ಬಾಯಿಗೆ ಅಂಟಿಕೊಂಡು, ಒಳಗೆ ಹೋದವು. ಹೊರಬಂದವು. ಮತ್ತೆ ಹೋದವು.

"ಮಣ್ಣಗುಬ್ಬಿ ಅಂತಾರ್ರಿ ಇಲ್ಲಿ ಮಂದಿ," ಎಂದಳು. "ಹಿಂಗ ಹೊಳಿ ಹೊಸದಾಗಿ ಕಡಿದ ದಂಡೀನೇ ಬೇಕು ಇವಕ್ಕ. ಹುಲ್ಲು ಬೆಳೆದ ದಂಡಿ ಆದ್ರ ಹಾವು ಹತ್ತತಾವು. ಒಳಗ ಮೊಟ್ಟಿ ಇಟ್ಟಾವು. ಕೆಲವು ಇನ್ನೂ ತೋಡ್ಲಿಕತ್ತಾವು."

ನಾವು ಮುಚ್ಚಬೇಕಾಗಿದ್ದದ್ದು ಅದೇ ಗೋಡೆಯನ್ನು.

ಅವಳು ಹೇಳಿದ್ದು ಇಷ್ಟು: ಮೊದಲು ಹೊಳೆಯ ಮೇಲ್ದಿಕ್ಕಿನ ಅರ್ಧ ರಸ್ತೆ ಕಟ್ಟಿರಿ, ಅದರ ಮೇಲೆ ಒಂದೊಂದೇ ಗಾಡಿ ಬಿಡಿರಿ, ಮರಿ ಹಾರಿದ ಮೇಲೆ ಈ ಕಡೆಯ ಅರ್ಧ ಮುಚ್ಚಿರಿ. ಸಂಕ್ರಾಂತಿಯ ಹೊತ್ತಿಗೆ ಬಿಲ ಖಾಲಿಯಾಗುತ್ತವೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ನಾನು ಬೇಡ ಎಂದರೆ ಹೇಳಲು ಇನ್ನೂ ಏನೇನೋ ಇಟ್ಟುಕೊಂಡಿದ್ದಳು.

"ಆಯ್ತು," ಎಂದೆ.

"ಅಂದ್ರ... ಮಾಡ್ತೀರೇನಕ್ಕ?"

"ಮಾಡ್ಲಿಕ್ಕ ಬರ್ತದ. ಮಾಡೋಣ."

ಅವಳಿಗೆ ಖುಷಿಯಾಯಿತು. ನನ್ನ ಕೈ ಹಿಡಿದಳು. ನಾನು ಹಕ್ಕಿಗಳ ಮೇಲಿನ ಪ್ರೀತಿಯಿಂದ ಒಪ್ಪಿದೆ ಎಂದು ಅವಳು ತಿಳಿದುಕೊಂಡಿದ್ದರೆ ಅದು ನಿಜವಲ್ಲ. ಆ ಹಕ್ಕಿಗಳು ನನಗೆ ಚೆಂದ ಕಾಣಲಿಲ್ಲ, ಕೆಟ್ಟದಾಗಿಯೂ ಕಾಣಲಿಲ್ಲ. ಯಾರೋ ಏನೋ ಕೇಳಿದರು, ಅದು ಆಗುವಂಥದ್ದಾಗಿತ್ತು. ಬೇಡ ಎನ್ನಲು ಒಂದು ಕಾರಣ ಹುಡುಕಬೇಕು, ಅದಕ್ಕೆ ಬೇಕಾದ ಕಸುವು ನನ್ನಲ್ಲಿರಲಿಲ್ಲ.

ಸುದ್ದಿ ಊರಿಗೆ ಮುಟ್ಟಿತು. ಮಂದಿ ಸೇತುವೆಯ ಹತ್ತಿರದ ಚಹಾದಂಗಡಿಯ ಮುಂದೆ ಸೇರಿದರು. ಊರಿನಿಂದ ಚಿತ್ತಾಪುರಕ್ಕೆ ಬರಬೇಕಾದವರು ಆಗ ಕಾಳಗಿಗೆ ಹೋಗಿ ಸುತ್ತು ಹಾಕಿ ಬರಬೇಕಿತ್ತು. ಸಂತೆಗೆ ಹೋಗುವವರು, ಕಾಲೇಜಿನ ಮಕ್ಕಳು, ತೊಗರಿ ಮಾರುವವರು, ಎಲ್ಲರಿಗೂ ಸಿಟ್ಟಿತ್ತು. ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಬಿಳಿ ಟೋಪಿಯ ಒಬ್ಬ ರೈತ. ವಯಸ್ಸು ಐವತ್ತು ದಾಟಿರಬಹುದು.

"ಬಾಯಾರ, ಖರೇ ಹೇಳ್ರಿ. ಗುಬ್ಬಿ ಸಲುವಾಗಿ ರಸ್ತಾ ನಿಲ್ಲಸ್ಲಿಕತ್ತೀರಂತ, ಹೌದೇನು?"

"ನಿಲ್ಲಸಿಲ್ಲ. ಅರ್ಧ ಮೊದಲು, ಅರ್ಧ ಆಮೇಲೆ."

"ಆಮೇಲೆ ಅಂದ್ರ ಯಾವಾಗ್ರಿ? ನನ್ನ ಮನ್ಯಾಕಿ ವಾರದಾಗ ಎರಡು ಸಲ ಕಲಬುರಗಿಗೆ ಹೋಗ್ಬೇಕು. ಮಷಿನ್ನಿಗಿ ಹಚ್ಚಿ ರಕ್ತ ತೊಳೀತಾರ. ಸುತ್ತು ಹೊಡದು ಹೋಗಿ ಬರಾದ್ರಾಗ ಸತ್ತಂಗ ಆಗ್ತಾಳ. ಆ ಗುಬ್ಬಿ ಮರಿ ಹಾರಾದ್ರಾಗ ನನ್ನಾಕಿ ಹಾರಿ ಹೋಗ್ತಾಳ್ರಿ!"

ಅವನು ತಾನು ಆಡಿದ ಮಾತಿಗೆ ತಾನೇ ಬೆಚ್ಚಿದವನಂತೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಆಸ್ಪತ್ರೆಯಿಂದ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತ ಮನುಷ್ಯನ ಬಾಯಿ ಒಣಗುವುದು, ನೀರು ಕೇಳುವುದು, ಕೊಡಬಾರದೆಂದು ಗೊತ್ತಿದ್ದೂ ಒಂದು ಗುಟುಕು ಕೊಡುವುದು, ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದೆ ಎಂದು ಅವನಿಗೆ ಹೇಳಲಿಲ್ಲ. "ಯಾವ ದಿನ ಹೋಗ್ತೀರಿ?" ಎಂದು ಕೇಳಿದೆ.

"ಮಂಗಳವಾರ, ಶನಿವಾರ."

"ಮುಂದಿನ ವಾರದಿಂದ ಇಲ್ಲಿಂದಾನೇ ಹೋಗ್ರಿ," ಎಂದೆ.

ಒಡೆದ ಏರಿಯ ಪಕ್ಕದಲ್ಲಿ, ಹೊಳೆಯ ಮೇಲ್ದಿಕ್ಕಿಗೆ, ಒಂದು ತಾತ್ಕಾಲಿಕ ದಾರಿ ಹಾಕಿಸುವ ಯೋಚನೆ ಮೊದಲೇ ಇತ್ತು. ಅದನ್ನೇ ಮೊದಲು ಮುಗಿಸಿದೆವು. ಸೇತುವೆಯ ಆ ತುದಿಯಲ್ಲಿ ಇನ್ನೂ ಸರಿಯುತ್ತಿದ್ದ ನೀರು ಹೋಗಲು ದೊಡ್ಡ ಸಿಮೆಂಟ್ ಕೊಳವೆಗಳನ್ನು ಸಾಲಾಗಿ ಹೂತು, ಮೇಲೆ ಸೇಡಂ ಕಡೆಯಿಂದ ತಂದ ಕೆಂಪು ಗರಸು ಹಾಕಿ ತುಳಿಸಿದೆವು. ಅರಣ್ಯದ ಹುಡುಗಿ ಮತ್ತೊಮ್ಮೆ ಬಂದು ಕೊಳವೆಗಳನ್ನು ಇನ್ನಷ್ಟು ಕೆಳಗೆ ಇಳಿಸಲು ಹೇಳಿದಳು. ಕೊಳವೆಯ ಬಾಯಿ ಹೊಳೆಯ ತಳಕ್ಕಿಂತ ಮೇಲಿದ್ದರೆ ಮೀನು ಹತ್ತಿ ಆಚೆ ಹೋಗಲಾರವು ಎಂದಳು. ಸೇಡಂನವನು ಗೊಣಗುತ್ತ ಮತ್ತೆ ತೋಡಿಸಿದ. ದಾರಿ ತಗ್ಗಾಗಿತ್ತು, ಬಸ್ಸು ಇಳಿದು ಹತ್ತುವಾಗ ಒಳಗಿನವರೆಲ್ಲ ಒಂದು ಸಲ ಹೋ ಎನ್ನುತ್ತಿದ್ದರು. ಆದರೂ ಬಸ್ಸು ಬಂತು.

ಮಂಗಳವಾರ ಶನಿವಾರ ಆ ಗಂಡ ಹೆಂಡತಿ ಬೆಳಗಿನ ಬಸ್ಸಿನಲ್ಲಿ ಹೋಗುವುದನ್ನು ನಾನು ನೋಡುತ್ತಿದ್ದೆ. ಹೆಂಡತಿ ಸಣಕಲು ಹೆಂಗಸು, ಹಸಿರು ಸೀರೆಯ ಸೆರಗನ್ನು ಎಡಗೈಗೆ ಸುತ್ತಿಕೊಂಡಿರುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ಆ ಕೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಹೊಲಿದಿರುತ್ತಾರೆ, ಅಲ್ಲಿ ಹಗ್ಗದಂತೆ ಉಬ್ಬಿರುತ್ತದೆ. ಅವನು ಕಿಟಕಿಯಿಂದ ನನಗೆ ಕೈ ಎತ್ತುತ್ತಿರಲಿಲ್ಲ. ಸಿಟ್ಟು ಹೋಗಿರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಮೇಲ್ದಿಕ್ಕಿನ ಕಲ್ಲಿನ ಪೆಟ್ಟಿಗೆಗಳು ಅರ್ಧಕ್ಕಿಂತ ಹೆಚ್ಚು ಎದ್ದಿದ್ದವು. ಆಗ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿಯಿತು. ಚಿಂಚೋಳಿ ಕಡೆ ಜೋರು ಮಳೆಯಾಗುತ್ತಿದೆ, ಸುಲೇಪೇಟದಲ್ಲಿ ರಾಶಿ ಮಾಡಿದ ಉದ್ದು ತೊಯ್ದಿದೆ ಎಂದು ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕಾಗಿಣಾ ಮತ್ತೆ ಕೆಂಪಗಾಯಿತು. ಒಂದು ಶನಿವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ತಾತ್ಕಾಲಿಕ ದಾರಿ ನಡುವೆ ಕುಸಿದಿತ್ತು. ಎರಡು ಕೊಳವೆ ಹೊರಳಿ ಬಿದ್ದು ಅವುಗಳ ಮೇಲಿಂದ ನೀರು ಹಾರುತ್ತಿತ್ತು. ಬಸ್ಸು ಆಚೆಯೇ ನಿಂತಿತ್ತು.

ಬಸ್ಸಿನ ಬಾಗಿಲಲ್ಲಿ ಬಿಳಿ ಟೋಪಿಯವನು ನಿಂತಿದ್ದ. ಹಿಂದಿನ ಮಂಗಳವಾರ ಹೆಂಡತಿಗೆ ಜ್ವರವಿದ್ದು ಹೋಗಿರಲಿಲ್ಲವಂತೆ. ಅವಳ ಮುಖ ಊದಿಕೊಂಡಿದ್ದು ನನಗೆ ಈಚೆ ದಂಡೆಯಿಂದಲೇ ಕಾಣಿಸಿತು. ಇವತ್ತೂ ತಪ್ಪಿದರೆ ಏನಾಗುತ್ತದೆ ಎಂದು ಹೇಳುವುದು ಬೇಕಿರಲಿಲ್ಲ.

ಆಗಲೇ ನನ್ನ ಮೇಲಧಿಕಾರಿಯ ಫೋನು ಬಂತು.

"ಏನಮ್ಮಾ, ದಾರಿ ಹೋಯಿತಂತೆ? ಮಂದಿ ನನಗೆ ಬಯ್ಯಲಿಕತ್ತಾರ. ಆ ಹಕ್ಕಿಪಕ್ಕಿ ಬಿಡು. ಇವತ್ತೇ ಇದ್ದಬದ್ದ ಮಣ್ಣು ಸುರಿದು ಪೂರ್ತಿ ಮುಚ್ಚಿಬಿಡು."

"ತೊಯ್ದ ಕರಿಮಣ್ಣು ಸರ್. ಈಗ ಸುರಿದ್ರ ಕೂರಲ್ಲ. ಮುಂದಿನ ಮಳೀಗಿ ಮತ್ತ ಹೋಗ್ತದ," ಎಂದೆ.

"ಮತ್ತೇನು ಮಾಡ್ತಿ?"

"ಸಂಜೆಗೆ ಹೇಳ್ತೀನಿ ಸರ್." ಫೋನು ಇಟ್ಟೆ.

ಮಣ್ಣಿನ ಬಗ್ಗೆ ನಾನು ಹೇಳಿದ್ದು ನಿಜವೇ. ಮಣ್ಣು ಒಣಗಿದ್ದರೆ ಏನು ಹೇಳುತ್ತಿದ್ದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಸೇತುವೆಯ ತುದಿಯಿಂದ ಕಲ್ಲಿನ ಪೆಟ್ಟಿಗೆಗಳ ಸಾಲು ಆಚೆ ಏರಿಯವರೆಗೆ ಮುಟ್ಟಿತ್ತು. ಅಗಲ ಸಾಲದು, ಮೇಲೆ ಮಣ್ಣು ಬಿದ್ದಿಲ್ಲ, ಗಾಡಿ ಹೋಗುವುದಿಲ್ಲ. ಮನುಷ್ಯರು ಹೋಗಬಹುದಿತ್ತು. ಸೇಡಂನವನನ್ನು ಕರೆದು ಹಲಗೆ ಹಾಸಲು ಹೇಳಿದೆ. ಅವನು ತಾನೇ ಹಲಗೆ ಹೊತ್ತು ಮುಂದೆ ಮುಂದೆ ಹಾಸುತ್ತ ಹೋದ. ನಾನು ಅವನ ಹಿಂದೆ ಆಚೆಗೆ ಹೋದೆ.

"ನಡೀಲಿಕ್ಕ ಆಗ್ತದೇನು?" ಎಂದು ಆ ಹೆಂಗಸನ್ನು ಕೇಳಿದೆ.

"ಆಗ್ತದ್ರೀ. ಆದ್ರ ಕೆಳಗ ನೋಡಿದ್ರ ಕಣ್ಣ ಕತ್ತಲ ಬರ್ತಾವು."

"ಕೆಳಗ ನೋಡಬ್ಯಾಡ. ನನ್ನ ಬೆನ್ನು ನೋಡು."

ಗಂಡ ಹಿಂದಿನಿಂದ ಸೊಂಟ ಹಿಡಿದ, ನಾನು ಮುಂದೆ ನಿಂತು ಕೈ ಹಿಂದಕ್ಕೆ ಚಾಚಿದೆ. ಅವಳು ತನ್ನ ಎಡಗೈ ಕೊಟ್ಟಳು. ನಾನು ಮಣಿಕಟ್ಟಿನ ಮೇಲೆ ಹಿಡಿದೆ. ಹಿಡಿದ ಕೂಡಲೆ ನನ್ನ ಅಂಗೈಯೊಳಗೆ ಅದು ಗುಂಯ್ ಎಂದಿತು. ಆ ಹೊಲಿದ ನಾಳದಲ್ಲಿ ರಕ್ತ ಹರಿಯುವಾಗ ಹಾಗೆ ಆಗುತ್ತದೆ, ಚರ್ಮದ ಕೆಳಗೆ ದುಂಬಿ ಇದ್ದ ಹಾಗೆ. ಅದು ಹರಿಯುತ್ತಿದೆಯೋ ನಿಂತಿದೆಯೋ ಎಂದು ದಿನಾ ಮುಟ್ಟಿ ನೋಡಬೇಕೆಂದು ಡಾಕ್ಟರು ನನಗೆ ಹೇಳಿಕೊಟ್ಟಿದ್ದರು. ಯಜಮಾನರ ಕೈಯನ್ನು ನಾನು ದಿನಾ ಬೆಳಿಗ್ಗೆ ಏಳುವ ಮೊದಲು ಮುಟ್ಟಿ ನೋಡುತ್ತಿದ್ದೆ. ಅವರು ಕಣ್ಣು ತೆರೆಯದೆಯೇ "ಅದ ಏನು?" ಎಂದು ಕೇಳುತ್ತಿದ್ದರು. "ಅದ" ಎನ್ನುತ್ತಿದ್ದೆ.

ಹಿಡಿತ ಸ್ವಲ್ಪ ಕೆಳಗೆ ಸರಿಸಿದೆ. ಅಲ್ಲಿ ಒತ್ತಬಾರದು. ಹಲಗೆಯ ಮೇಲೆ ಹೆಜ್ಜೆ ಇಟ್ಟೆ. ಕೆಳಗೆ ನೀರಿನ ಸದ್ದಿಗೆ ಬೇರೆ ಏನೂ ಕೇಳುತ್ತಿರಲಿಲ್ಲ. ಬಲಗಡೆ, ಕರಿಮಣ್ಣಿನ ಗೋಡೆಯ ತೂತುಗಳಿಗೆ ಆ ಮಳೆಯಲ್ಲೂ ಹಕ್ಕಿಗಳು ಹೋಗಿ ಬರುತ್ತಿದ್ದವು. ನನ್ನ ಬೆರಳುಗಳಿಗೆ ಈಗಲೂ ಸಣ್ಣಗೆ ಆ ನಡುಕ ಸಿಗುತ್ತಿತ್ತು. ನನಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಏನೂ ಆಗಲಿಲ್ಲ ಎಂದೇ ಹೇಳಬೇಕು. ಅಳು ಬರಲಿಲ್ಲ. ಸೇತುವೆ ಮುಟ್ಟಿದ ಮೇಲೂ ಕೈ ಬಿಡಲು ಮರೆತಿದ್ದೆ, ಅಷ್ಟೇ.

ಅವಳೇ ಹೇಳಿದಳು. "ಬಿಡ್ರೀ ಬಾಯಾರ, ಬಂದಿವಿ."

ಇಲಾಖೆಯ ಜೀಪಿನಲ್ಲಿ ಇಬ್ಬರನ್ನೂ ಕೂರಿಸಿ ಕಲಬುರಗಿಗೆ ಕಳಿಸಿದೆ. ಹತ್ತುವಾಗ ಅವನು ತಿರುಗಿ ನೋಡಿ, "ನಿಮಗ ಹ್ಯಾಂಗ ಗೊತ್ತ್ರಿ, ಆ ಕೈ ಹ್ಯಾಂಗ ಹಿಡೀಬೇಕಂತ?" ಎಂದ.

"ನಮ್ಮ ಮನ್ಯಾಗೂ ಇತ್ತು," ಎಂದೆ.

ಅವನು ಹತ್ತಿ ಹೆಂಡತಿಯ ಪಕ್ಕ ಕೂತು ಬಾಗಿಲು ಎಳೆದುಕೊಂಡ.

ಸಂಜೆ ಮೇಲಧಿಕಾರಿಗೆ ಫೋನು ಮಾಡಿ, ಮಳೆ ನಿಂತ ಕೂಡಲೆ ಮೇಲ್ದಿಕ್ಕಿನ ಅರ್ಧಕ್ಕೆ ಒಣ ಗರಸು ತುಂಬಿ ಗಾಡಿ ಬಿಡುತ್ತೇವೆ, ಉಳಿದರ್ಧ ಸಂಕ್ರಾಂತಿ ಆದಮೇಲೆ ಎಂದು ಹೇಳಿದೆ. ಅವರು ಬಯ್ದರು. ಬಯ್ದು ಮುಗಿದ ಮೇಲೆ, "ಏನರೆ ಮಾಡ್ಕೊ" ಎಂದರು. ಮನೆಗೆ ಬಂದು ಅತ್ತೆಗೆ ಹಲಗೆ ದಾಟಿಸಿದ ಸಂಗತಿ ಹೇಳಿದೆ. ಅವರು ಬತ್ತಿ ಹೊಸೆಯುತ್ತ ಕೇಳಿದರು.

"ಆಕಿ ಕೈಯಾಗ ಆ ಸಪ್ಪಳ ಇತ್ತೇನು?"

"ಇತ್ತು."

ಅತ್ತೆ ಬತ್ತಿಯನ್ನು ಬಟ್ಟಲಿಗೆ ಹಾಕಿ ಇನ್ನೊಂದು ಹತ್ತಿ ತಗೊಂಡರು. ನನ್ನ ಹಾಗೆಯೇ ಅವರೂ ಆ ಕೈಯನ್ನು ಮುಟ್ಟಿ ನೋಡುತ್ತಿದ್ದರೆಂದು ನನಗೆ ಆವತ್ತು ಗೊತ್ತಾಯಿತು.

ಅರ್ಧ ರಸ್ತೆಯ ಮೇಲೆ ಗಾಡಿಗಳು ಓಡತೊಡಗಿದವು. ಎರಡೂ ತುದಿಗೆ ಒಬ್ಬೊಬ್ಬರನ್ನು ಕೆಂಪು ಹಸಿರು ಬಾವುಟ ಕೊಟ್ಟು ನಿಲ್ಲಿಸಿದ್ದೆವು. ಕಾಯುವವರು ಬಯ್ಯುತ್ತಿದ್ದರು, ಕಾಯುತ್ತಿದ್ದರು. ಕೆಲವರು ಕಾಯುವ ಹೊತ್ತಿನಲ್ಲಿ ಕೆಳಗಿಳಿದು ಹಕ್ಕಿಗಳನ್ನು ನೋಡುತ್ತಿದ್ದರು. ಒಂದು ದಿನ ಯಾರೋ ಕಾಲೇಜಿನ ಹುಡುಗರು ಬಿಲಕ್ಕೆ ಕೋಲು ಹಾಕಲು ಹೋದಾಗ ಅವರನ್ನು ಗದರಿಸಿ ಓಡಿಸಿದವನು ಸೇಡಂನವನೇ. ಅವನಿಗೆ ಹಕ್ಕಿ ಬೇಕಿತ್ತೋ, ದಂಡೆ ಕುಸಿದು ತನ್ನ ಕೆಲಸ ಹೆಚ್ಚಬಾರದೆಂದಿತ್ತೋ ನಾನು ಕೇಳಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಬಿಳಿ ಟೋಪಿಯವನು ಬಂದು ಹೊಲಕ್ಕೆ ಕರೆದ. "ನಮ್ಮ ಹೊಲ ಇಲ್ಲೇ ದಂಡಿ ಮ್ಯಾಲೇ ಅದ್ರಿ. ಚರಗ ಚೆಲ್ಲಿ ಊಟಾ ಮಾಡಿ ಹೋಗ್ರಿ. ನಿಮ್ಮ ಅತ್ತಿನ್ನೂ ಕರಕೊಂಡ ಬರ್ರಿ." ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಅತ್ತೆ ಬರಲಿಲ್ಲ. ನಾನು ಕೆಲಸದ ಮೇಲಿದ್ದೆ, ಹೋದೆ.

ಜೋಳ ಎದೆಯೆತ್ತರ ಬೆಳೆದು ನಿಂತಿತ್ತು. ಬೆಳೆಯ ನಡುವೆ ಪೂಜೆ ಮಾಡಿ, ಎಡೆಯನ್ನು ಹೊಲದ ಸುತ್ತ ಚರಗ ಚೆಲ್ಲಿ, ಕಂಬಳಿ ಹಾಸಿ ಎಲ್ಲರನ್ನೂ ಕೂರಿಸಿದರು. ಸಜ್ಜೆಯ ರೊಟ್ಟಿ, ಭಜ್ಜಿ. ಭಜ್ಜಿ ಎಂದರೆ ನಮ್ಮ ಕಡೆ ಎಳ್ಳಮಾಸಿಯ ದಿನ ಸಿಕ್ಕಿದ ಎಲ್ಲ ಸೊಪ್ಪು, ಹಸಿ ಕಾಳು, ಕಾಯಿಪಲ್ಯೆ ಒಂದೇ ಪಾತ್ರೆಯಲ್ಲಿ ಕುದಿಸಿ ಮಾಡುವ ಪಲ್ಯ. ಕಿಡ್ನಿ ಹೋದವರಿಗೆ ಅದು ವಿಷ. ಸೊಪ್ಪೂ ಕಾಳೂ ತಿನ್ನುವಂತಿಲ್ಲ. ಆ ಹೆಂಗಸು ಎಲ್ಲರಿಗೂ ಬಡಿಸಿ ತನ್ನ ತಾಟಿಗೆ ಒಂದು ಸೌಟು ಹಾಕಿಕೊಂಡಳು. ಗಂಡ ನೋಡಿದ. ನಾನು ನೋಡಿದೆ. ಅವಳು ನಮ್ಮಿಬ್ಬರನ್ನೂ ನೋಡಿ, "ಇವತ್ತೊಂದ ದಿನ" ಎಂದಳು.

ನಾನು ಹೇಳಬೇಕಿತ್ತು. ಮನೆಯಲ್ಲಿ ವರ್ಷಗಟ್ಟಲೆ ಬೇಡ ಬೇಡ ಎಂದು ತಾಟಿನಿಂದ ತೆಗೆದಿಟ್ಟವಳು ನಾನು. ಆವತ್ತು ಸುಮ್ಮನೆ ಕೂತೆ. ಅವಳು ನಿಧಾನವಾಗಿ ತಿಂದಳು. ತಿಂದು ಬೆರಳು ನೆಕ್ಕಿದಳು.

ಊಟವಾದ ಮೇಲೆ ಅವಳೇ ನನ್ನನ್ನು ದಂಡೆಯ ಅಂಚಿಗೆ ಕರೆದೊಯ್ದಳು. ಬಿಲಗಳ ಬಾಯಲ್ಲಿ ಮರಿಗಳು ಇಣುಕುತ್ತಿದ್ದವು. "ನಮ್ಮವ್ರು ದಿನಾ ಬಂದು ಬಯ್ದು ಹೋಗ್ತಾರ ಇವಕ್ಕ," ಎಂದು ನಕ್ಕಳು. "ಹಾರ್ರಿ ಹಾರ್ರಿ, ರಸ್ತಾ ಆಗ್ಬೇಕು ಅಂತ."

ಸಂಕ್ರಾಂತಿ ಕಳೆದು ಅರಣ್ಯದ ಹುಡುಗಿ ಬಂದು ಎಲ್ಲ ಬಿಲಗಳನ್ನೂ ನೋಡಿದಳು. ಖಾಲಿ. ಮರುದಿನದಿಂದ ಕೆಳದಿಕ್ಕಿನ ಅರ್ಧ ಮುಚ್ಚತೊಡಗಿದೆವು. ರಸ್ತೆಗೆ ಎಷ್ಟು ಬೇಕೋ ಅಷ್ಟು. ಅದರಾಚೆ ಹೊಲದ ದಂಡೆಗುಂಟ ಹೋಗಿದ್ದ ಮಣ್ಣಿನ ಗೋಡೆಗೂ ಕಲ್ಲು ಹೊದಿಸಬೇಕೆಂದು ಮೊದಲ ನಕ್ಷೆಯಲ್ಲಿತ್ತು. ಏರಿಗೆ ಅದರ ಹಂಗಿರಲಿಲ್ಲ, ಅದನ್ನು ಕೈಬಿಟ್ಟೆ. ಅದಕ್ಕೆ ಮೊದಲು ಹೊಲದವನಾದ ಬಿಳಿ ಟೋಪಿಯವನನ್ನು ಕೇಳಿದೆ. ಅದು ಅವನ ದಂಡೆ, ಸ್ವಲ್ಪ ಸ್ವಲ್ಪ ಕುಸಿಯುತ್ತ ಹೋಗುವುದು ಅವನ ಹೊಲವೇ. ಅವನು ಅಂಚಿಗುಂಟ ಒಂದು ಸಲ ನಡೆದು ಬಂದು, "ಅಂಚಿಗೆ ಬನ್ನಿಗಿಡ, ಜಾಲಿಗಿಡ ಹಚ್ಚಿ ಕೊಡ್ರಿ, ಅಷ್ಟ ಸಾಕು" ಎಂದ. ಅಂಚಿನಿಂದ ಸ್ವಲ್ಪ ಹಿಂದೆ ಸಸಿ ನೆಡಿಸಿದೆವು. ಶಿವರಾತ್ರಿಯ ಹೊತ್ತಿಗೆ ಡಾಂಬರು ಬಿತ್ತು. ಬಾವುಟ ಹಿಡಿದವರು ಮನೆಗೆ ಹೋದರು. ನನಗೆ ಸಮಾಧಾನವಾಗಬೇಕಿತ್ತು. ಕಚೇರಿಗೆ ಹೋಗಿ ಮುಂದಿನ ಕೆಲಸದ ಕಾಗದ ನೋಡಿದೆ.

ಮುಂದಿನ ಮಳೆಗಾಲದಲ್ಲಿ ಕಾಗಿಣಾ ಮತ್ತೆ ಬಂತು. ನೀರು ಕಲ್ಲಿನ ಪೆಟ್ಟಿಗೆಗಳ ಅರ್ಧದವರೆಗೆ ಏರಿ ಇಳಿಯಿತು. ಏರಿ ಅಲುಗಲಿಲ್ಲ. ಹೊಲದ ದಂಡೆಯ ಹಳೆಯ ಗೋಡೆ ಒಂದು ಹೋಳು ಉದುರಿ ಹೊಸ ಮಣ್ಣು ಕಾಣಿಸಿತು. ಅರಣ್ಯದ ಹುಡುಗಿಗೆ ಫೋನು ಮಾಡಿ ಹೇಳಿದೆ. ಅವಳು ಚಿಂಚೋಳಿಯಿಂದ ಬೇರೆ ಕಡೆಗೆ ವರ್ಗವಾಗಿದ್ದಳು. "ಭಾಳ ಛಲೋ ಆಯ್ತಕ್ಕ, ಮತ್ತ ಬರ್ತಾವ ನೋಡ್ರಿ" ಎಂದಳು.

ಆ ಮಳೆಗಾಲದಲ್ಲೇ ಬಿಳಿ ಟೋಪಿಯವನ ಹೆಂಡತಿ ತೀರಿಕೊಂಡಳು. ರಸ್ತೆ ಇಲ್ಲದ್ದಕ್ಕಲ್ಲ, ಬಸ್ಸು ತಪ್ಪಿದ್ದಕ್ಕಲ್ಲ. ಮಂಗಳವಾರ ಹೋಗಿ ಬಂದಿದ್ದಳಂತೆ, ಗುರುವಾರ ಹೃದಯ ನಿಂತಿತು. ಚಹಾದಂಗಡಿಯವನು ಹೇಳಿದ. ನಾನು ಅತ್ತೆಗೆ ಹೇಳಿದೆ. ಈ ಸಲ ಅತ್ತೆ ನಾನೂ ಬರುತ್ತೇನೆ ಎಂದರು.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಮಣ್ಣಾಗಿ ಕೆಲವು ದಿನ ಕಳೆದಿದ್ದವು, ನೆಂಟರು ಹೋಗಿದ್ದರು. ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಟೋಪಿ ಇರಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿದ್ದು ಕಂಡಿತು. ಸೊಸೆ ಚಹಾ ತಂದಳು. ಕುಡಿದು ಬಸಿ ಕೆಳಗಿಟ್ಟೆವು. ಆಮೇಲೆ ಅವನು, ಬಂದವರಿಗೆ ಏನಾದರೂ ಹೇಳಬೇಕಲ್ಲ ಎಂಬಂತೆ ಹೇಳಿದ.

"ರಸ್ತಾ ಛಲೋ ಆಗ್ಯದ್ರಿ. ಸುಳ್ಳ ಹೇಳಬಾರದು. ಗಾಡಿ ಒಂಚೂರು ಅಲುಗಾಡಲ್ಲ. ಆಕಿ ನಿದ್ದಿ ಮಾಡ್ಕೊಂತ ಬರ್ತಿದ್ಳು."

ನಮ್ಮ ಮನೆಗೆ ಬಂದವರು ಹೇಳಿದ್ದ ಮಾತುಗಳೆಲ್ಲ ನೆನಪಿದ್ದವು, ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸೊಸೆ ಒಳಗಿನಿಂದ ಜೋಳ ತುಂಬಿದ ಎರಡು ಮೊರ ತಂದು ಕಲ್ಲು ಆರಿಸಲು ಕೂತಳು. ಅತ್ತೆ ಅವಳ ಕೈಯಿಂದ ಇನ್ನೊಂದು ಮೊರ ಇಸಕೊಂಡರು. ನಾನೂ ಅವರ ಪಕ್ಕಕ್ಕೆ ಸರಿದು, ಒಂದು ಹಿಡಿ ಜೋಳವನ್ನು ನನ್ನ ಕಡೆಗೆ ಎಳೆದುಕೊಂಡೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.